ಮುಂಗಾರಿನ ಹೊಸ್ತಿಲಲ್ಲಿ ಗುಮಾಸ್ತ

ರೋಹಿಣಿ ಮಳೆ ಹುಟ್ಟುವುದು ಮೇ 25ರ ಸುಮಾರಿಗೆ. 'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ' ಎಂದು ರೈತ ಬಿತ್ತನೆಯ ಲೆಕ್ಕ ಹಾಕುವ ಕಾಲ ಅದು. ಅದೇ ದಿನಗಳಲ್ಲಿ ಕಡತಗಳ ಅಟ್ಟಿಯ ಹಿಂದೆ ಕುಳಿತ ಗುಮಾಸ್ತನೂ ಕಿಟಕಿಯಿಂದ ಆಕಾಶ ನೋಡುತ್ತಾನೆ. ಆದರೆ ಅವನ ಲೆಕ್ಕವೇ ಬೇರೆ. ಕಚೇರಿ ಬಿಡುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದರೆ ಬಸ್ಸು ಸಿಕ್ಕುವುದು ಎಷ್ಟು ಗಂಟೆಗೆ? ಹೋದ ವರ್ಷ ಕಡ್ಡಿ ಮುರಿದ ಕೊಡೆಯನ್ನು ರಿಪೇರಿ ಮಾಡಿಸುವುದೋ, ಹೊಸದನ್ನೇ ಕೊಳ್ಳುವುದೋ? ಮಗಳ ಶಾಲೆಯ ಶುಲ್ಕಕ್ಕೆ ಕೊನೆಯ ದಿನ ಯಾವುದು? ವರ್ಗಾವಣೆಯ ಪಟ್ಟಿ ಹೊರಬಿತ್ತೆ?

ಸಂಜೆಯ ಮಳೆಯ ವಿಷಯದಲ್ಲಿ ಅವನ ದೂರು ಬರಿಯ ಗೊಣಗಾಟವಲ್ಲ. ಮುಂಗಾರು ಕಾಲಿಡುವ ಮೊದಲು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಒಳನಾಡಿನಲ್ಲಿ ಬೀಳುವುದು ಹೆಚ್ಚಾಗಿ ಗುಡುಗು-ಸಿಡಿಲಿನ ಮಳೆ. ಬೆಳಗಿನಿಂದ ಕಾದ ನೆಲದ ಮೇಲಿನ ಗಾಳಿ ಕಡಲ ಕಡೆಯಿಂದ ಬಂದ ತೇವವನ್ನು ಹೊತ್ತು ಮೇಲೇರುತ್ತದೆ. ಮಧ್ಯಾಹ್ನಕ್ಕೆ ಮೋಡ ಕಟ್ಟುತ್ತದೆ. ಸಂಜೆಗೆ ಅದು ಒಡೆಯುತ್ತದೆ. ಬಿಸಿಲು ತನ್ನ ಕೆಲಸ ಮುಗಿಸುವ ಹೊತ್ತಿಗೇ ಕಚೇರಿಯೂ ಮುಗಿಯುತ್ತದೆ. ಹೀಗಾಗಿ ದಿನವಿಡೀ ಸೆಕೆಯಲ್ಲಿ ಬೆಂದವನು ಮನೆಗೆ ಹೊರಡುವಾಗ ನೆನೆಯಬೇಕಾಗುತ್ತದೆ. ಈ ಮಳೆಯ ಕಿರಿಕಿರಿ ಯಾವಾಗಲೂ ಚಿಕ್ಕದಾಗಿಯೇ ಉಳಿಯುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನೀರು ತುಂಬಿ ಕಾರೊಂದು ಮುಳುಗಿತು. ಅದರಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ರಾಜ್ಯದ ಸರ್ಕಾರಿ ಕಚೇರಿಗಳೆಲ್ಲ ಒತ್ತಾಗಿ ನಿಂತಿರುವ ಪ್ರದೇಶಕ್ಕೆ ಅದು ಕೂಗಳತೆಯ ದೂರ.

ಬೇಸಿಗೆ ಮುಗಿಯುವ ಈ ಎರಡು-ಮೂರು ವಾರ ನೌಕರನ ಬದುಕಿನಲ್ಲಿ ಇಷ್ಟೊಂದು ಇಕ್ಕಟ್ಟಾಗುವುದೇಕೆ? ಉತ್ತರ ಪಂಚಾಂಗದಲ್ಲಿದೆ. ಅದು ಒಂದೇ ಪಂಚಾಂಗವಲ್ಲ, ನಾಲ್ಕು. ಮಳೆಯದು ಒಂದು, ಸರ್ಕಾರದ ಲೆಕ್ಕದ್ದು ಒಂದು, ಶಾಲೆಯದು ಒಂದು, ಸಂಬಳದ್ದು ಇನ್ನೊಂದು. ಒಂದೊಂದಕ್ಕೂ ಅದರದರ ನ್ಯಾಯವುಂಟು. ಆದರೆ ಒಂದನ್ನು ಗೊತ್ತುಮಾಡುವಾಗ ಇನ್ನೊಂದನ್ನು ಕೇಳಿದವರಿಲ್ಲ. ನಾಲ್ಕೂ ಬಂದು ಕೂಡುವುದು ಮೇ ಕೊನೆಯಿಂದ ಜೂನ್ ನಡುವಿನವರೆಗೆ. ಅವನ್ನು ಒಟ್ಟಿಗೆ ಹೊಲಿಯುವ ಕೆಲಸ ಬಿದ್ದಿರುವುದು ನೌಕರನ ಸಂಸಾರದ ಮೇಲೆ.

ಬಿಸಿಲಿಗೆ ಬೆಟ್ಟ ಏರಿದ ಸರ್ಕಾರ

ಬೇಸಿಗೆಗೂ ಕಚೇರಿಗೂ ಹೊಂದಿಕೆಯಾಗದು ಎಂಬುದನ್ನು ಮೊದಲು ಕಂಡುಕೊಂಡವರು ಗುಮಾಸ್ತರಲ್ಲ, ಅವರ ಮೇಲಧಿಕಾರಿಗಳು. ವೈಸರಾಯ್ ಜಾನ್ ಲಾರೆನ್ಸ್ 1864ರಲ್ಲಿ ಸಿಮ್ಲಾವನ್ನು ಬೇಸಿಗೆಯ ರಾಜಧಾನಿಯನ್ನಾಗಿ ಮಾಡಿದ. ಆಮೇಲೆ ಇಂಡಿಯಾ ಸರ್ಕಾರ ಪ್ರತಿ ವರ್ಷ ಕಲ್ಕತ್ತೆಯಿಂದ ಸಾವಿರ ಮೈಲಿಯಷ್ಟು ದೂರದ ಬೆಟ್ಟಕ್ಕೆ ಗುಳೆ ಹೋಗತೊಡಗಿತು. ದೊರೆಗಳ ಹಿಂದೆ ಕಡತಗಳ ಪೆಟ್ಟಿಗೆಗಳು, ಪೆಟ್ಟಿಗೆಗಳ ಹಿಂದೆ ಗುಮಾಸ್ತರು. ಕಾಲ್ಕಾದಿಂದ ಸಿಮ್ಲಾಕ್ಕೆ ರೈಲು ಬಂದದ್ದು 1903ರಲ್ಲಿ. ಅಲ್ಲಿಯವರೆಗೆ ಕೊನೆಯ ಹಂತವನ್ನು ಕುದುರೆ ಟಾಂಗಾಗಳಲ್ಲಿ ಏರಬೇಕಿತ್ತು. ಬೇಸಿಗೆ ಮುಗಿದು ಚಳಿ ಹತ್ತಿರವಾದಾಗ ಇದೇ ಮೆರವಣಿಗೆ ಬಯಲಿಗೆ ಇಳಿಯುತ್ತಿತ್ತು. ಮದರಾಸಿನ ಸರ್ಕಾರಕ್ಕೆ ಇಂಥದೇ ತಂಪಿನ ತಾಣ ಉದಕಮಂಡಲ. ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ನಂದಿಬೆಟ್ಟದಲ್ಲಿ ಮನೆ ಕಟ್ಟಿಸಿಕೊಂಡಿದ್ದ. ಆ ಕಟ್ಟಡ ಇಂದಿಗೂ ಬೆಟ್ಟದ ಮೇಲಿದೆ.

ಬೆಟ್ಟ ಏರದ ಗುಮಾಸ್ತರ ಗತಿಯೇನು? ಬೆಂಗಳೂರಿನವರ ಮಟ್ಟಿಗೆ ಹೇಳುವುದಾದರೆ, ಅವರಿಗೆ ಒಂದು ವಿಚಿತ್ರ ಭಾಗ್ಯ ಒದಗಿತ್ತು. ಕೋಟೆಯೊಳಗೆ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆಯನ್ನು, 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ, ಸರ್ಕಾರದ ಕಚೇರಿ ಮಾಡಿಕೊಂಡರು. ಸುಲ್ತಾನ ಸೆಕೆ ಕಳೆಯಲೆಂದು ಕಟ್ಟಿಸಿದ ತೇಗದ ಕಂಬಗಳ ಪಡಸಾಲೆಯಲ್ಲಿ ಗುಮಾಸ್ತರು ಲೆಕ್ಕ ಬರೆದರು. ಕಚೇರಿ ಬೆಳೆಯಿತು, ಕಾಗದ ಬೆಳೆಯಿತು, ಅರಮನೆ ಸಾಲದಾಯಿತು. ಲೂಯಿನ್ ಬೌರಿಂಗ್ ಕಮಿಷನರಾಗಿದ್ದಾಗ ಕಬ್ಬನ್ ಉದ್ಯಾನದ ಅಂಚಿನಲ್ಲಿ ಕೆಂಪು ಕಟ್ಟಡವೊಂದು ಎದ್ದು 1868ರಲ್ಲಿ ಮುಗಿಯಿತು. ಹದಿನೆಂಟು ಇಲಾಖೆಗಳು ಅಲ್ಲಿಗೆ ಹೋದವು. ಜನ ಅದನ್ನು ಅಠಾರ ಕಚೇರಿ ಎಂದು ಕರೆದರು. ಈಗ ಅಲ್ಲಿರುವುದು ಹೈಕೋರ್ಟು.

ಎದುರಿಗೆ 1956ರಲ್ಲಿ ಸಿದ್ಧವಾದ ವಿಧಾನಸೌಧದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಬರೆದಿದೆ. ಬೇಸಿಗೆಯಲ್ಲಿ ದೇವರಿಗಾದರೋ ಗಂಧದ ಲೇಪವುಂಟು, ಪಾನಕ-ಕೋಸಂಬರಿಯ ನೈವೇದ್ಯವುಂಟು. ದೇವರ ಕೆಲಸ ಮಾಡುವವನ ಪಾಲಿಗೆ ಬಹುಕಾಲ ಇದ್ದದ್ದು ಮೂಲೆಯಲ್ಲಿಟ್ಟ ಮಣ್ಣಿನ ಹೂಜಿ, ತಲೆಯ ಮೇಲೊಂದು ಫ್ಯಾನು.

ಆ ಫ್ಯಾನು ತಿರುಗುವುದೂ ಮಳೆಯನ್ನು ಅವಲಂಬಿಸಿತ್ತು. ಕರ್ನಾಟಕದ ವಿದ್ಯುತ್ತು ಬಹುಕಾಲ ಮುಖ್ಯವಾಗಿ ನೀರಿನಿಂದಲೇ ಹುಟ್ಟುತ್ತಿತ್ತು: 1902ರ ಶಿವನಸಮುದ್ರ, 1948ರ ಜೋಗ, ಆಮೇಲೆ ಲಿಂಗನಮಕ್ಕಿ ಜಲಾಶಯದ ನೀರಿನಿಂದ ನಡೆಯುವ ಶರಾವತಿ. ರಾಯಚೂರಿನಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಬಂದದ್ದು 1985ರಲ್ಲಿ. ಸೆಕೆ ಏರಿ ಫ್ಯಾನು ಅತಿ ಹೆಚ್ಚು ಬೇಕಾಗುವ ಏಪ್ರಿಲ್-ಮೇ ತಿಂಗಳಲ್ಲಿಯೇ ಜಲಾಶಯಗಳ ತಳ ಕಾಣುತ್ತಿತ್ತು. ಶಿವಮೊಗ್ಗ ಜಿಲ್ಲೆಯ ಕಾಡಿನಲ್ಲಿ ಮಳೆ ಬೀಳುವವರೆಗೆ ಬೆಂಗಳೂರಿನ ಗುಮಾಸ್ತ ರಟ್ಟಿನ ಕಡತದಿಂದ ಗಾಳಿ ಬೀಸಿಕೊಳ್ಳಬೇಕಾಗಿತ್ತು. 1990ರ ದಶಕದ ಬೇಸಿಗೆಗಳನ್ನು ಕಂಡವರಿಗೆ 'ಲೋಡ್ ಶೆಡ್ಡಿಂಗ್' ಎಂಬ ಮಾತಿಗೆ ಅರ್ಥ ಹೇಳಬೇಕಾಗಿಲ್ಲ.

ಎಂಟರ ಕಚೇರಿ, ಹತ್ತರ ಕಚೇರಿ

ಉತ್ತರ ಕರ್ನಾಟಕದ ಬಿಸಿಲಿನ ಮುಂದೆ ಬೆಂಗಳೂರಿನ ಬಿಸಿಲು ಏನೂ ಅಲ್ಲ. ಬೆಂಗಳೂರು ನಗರದ ದಾಖಲೆಯ ಬಿಸಿಲು 2016ರ ಏಪ್ರಿಲ್‌ನಲ್ಲಿ ಮುಟ್ಟಿದ 39.2 ಡಿಗ್ರಿ. ರಾಯಚೂರು, ಕಲಬುರಗಿಗಳಲ್ಲಿ 40 ದಾಟುವುದು ಸುದ್ದಿಯೇ ಅಲ್ಲ. ಆದ್ದರಿಂದ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಮಟ್ಟಿಗೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಪದ್ಧತಿಯಿದೆ. ಬೇರೆ ಕಾಲದಲ್ಲಿ ಅದು ಬೆಳಿಗ್ಗೆ 10ರಿಂದ ಸಂಜೆ 5.30.

ಹೊರಗಿನವರಿಗೆ ಇದು ಸುಖದ ಏರ್ಪಾಡಾಗಿ ಕಾಣುತ್ತದೆ. ಬಹುಮಟ್ಟಿಗೆ ನಿಜವೂ ಹೌದು. ಆದರೂ ಅದರಲ್ಲಿ ಎರಡು ತೊಡಕುಗಳಿವೆ. ಒಂದೂವರೆಗೆ ಕಚೇರಿ ಬಿಟ್ಟವನು ಮನೆಗೆ ಹೊರಡುವುದು ದಿನದ ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ. ಪಕ್ಕದ ಊರಿನಿಂದ ಬಸ್ಸಿನಲ್ಲಿ ಓಡಾಡುವವನಿಗೆ ಉಳಿದದ್ದು ಕಚೇರಿಯ ನೆರಳು, ಸಿಕ್ಕಿದ್ದು ರಸ್ತೆಯ ಝಳ. ಎರಡನೆಯದು, ಆದೇಶ ಮುಗಿಯುವುದು ಮೇ 31ಕ್ಕೆ. ಬಿಸಿಲು ಮುಗಿಯುವುದು ಮಳೆ ಬಂದಾಗ. ಕೇರಳಕ್ಕೆ ಮುಂಗಾರು ತಲುಪುವ ವಾಡಿಕೆಯ ದಿನ ಜೂನ್ 1. ಅದು ಅಲ್ಲಿಂದ ಏರಿ ಕಲಬುರಗಿಯನ್ನು ಮುಟ್ಟಲು ಇನ್ನೂ ಒಂದು ವಾರವಾದರೂ ಬೇಕು. ಆ ವಾರದಲ್ಲಿ ನೌಕರ ಕಾಗದದ ಪ್ರಕಾರ ಮಳೆಗಾಲದಲ್ಲಿರುತ್ತಾನೆ, ಮೈಯ ಪ್ರಕಾರ ಬೇಸಿಗೆಯಲ್ಲಿ. 2025ರಲ್ಲಿ ಇದು ತಿರುವುಮುರುವಾಯಿತು. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ಎರಡು ದಿನಗಳಲ್ಲಿ ಬೆಂಗಳೂರಿಗೂ ಬಂದುಬಿಟ್ಟಿತು. ಯಾವ ವರ್ಷ ಏನಾದರೂ ಮಳೆಯಂತೂ ಆದೇಶ ಓದಿ ಬರುವುದಿಲ್ಲ.

ಕಚೇರಿಯ ವೇಳೆ ಎರಡು ಗಂಟೆ ಸರಿದರೆ ಮನೆಯ ಒಲೆಯೂ ಸರಿಯಬೇಕು. ಹತ್ತರ ಕಚೇರಿಯನ್ನು ನಂಬಿ ಹಳೆಯ ಮೈಸೂರಿನ ಮನೆಗಳಲ್ಲಿ ಒಂದು ಪದ್ಧತಿ ಬೆಳೆದಿತ್ತು: ಒಂಬತ್ತು-ಒಂಬತ್ತೂವರೆಗೆ ಅನ್ನ, ಸಾರು, ಮಜ್ಜಿಗೆಯ ಪೂರ್ತಿ ಊಟ; ಕಚೇರಿಯಿಂದ ಬಂದ ಮೇಲೆ ತಿಂಡಿ, ಕಾಫಿ. ಎಂಟರ ಕಚೇರಿಗೆ ಆ ಊಟ ಆಗದು, ಬುತ್ತಿಯೇ ಗತಿ. ಎರಡು ತಿಂಗಳು ಐದು ಗಂಟೆಗೆ ಎದ್ದು ರೊಟ್ಟಿ ಬಡಿದ ಗೃಹಿಣಿಗೆ ಜೂನ್ 1ರಂದು ಕಚೇರಿಯ ವೇಳೆ ಹಿಂದಕ್ಕೆ ಸರಿದರೂ ಬಿಡುವು ಸಿಕ್ಕುವುದಿಲ್ಲ. ಅಷ್ಟರಲ್ಲಿ ಮಕ್ಕಳ ಶಾಲೆ ತೆರೆದಿರುತ್ತದೆ. ಈಗ ಆಕೆಯೇ ನೌಕರಳಾಗಿರುವ ಮನೆಗಳು ಎಷ್ಟೋ. ಅಲ್ಲಿ ಐದು ಗಂಟೆಯ ಒಲೆಯನ್ನೂ ಎಂಟರ ಹಾಜರಿಯನ್ನೂ ಒಬ್ಬಳೇ ನೋಡಿಕೊಳ್ಳಬೇಕು.

ಏಪ್ರಿಲ್ 1ರ ಗಂಟು

ಎರಡನೆಯ ಪಂಚಾಂಗ ಸರ್ಕಾರದ ಲೆಕ್ಕದ್ದು. ನಮ್ಮ ಆರ್ಥಿಕ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ನಡೆಯುತ್ತಿರುವುದು 1867ರಿಂದ. ಅದಕ್ಕೆ ಮೊದಲು ಅದು ಮೇ 1ರಿಂದ ಏಪ್ರಿಲ್ 30ರವರೆಗೆ ಇತ್ತು. ಒಂದು ತಿಂಗಳು ಹಿಂದೆ ಸರಿಸಿದ ಕಾರಣ ಇಂಗ್ಲೆಂಡಿನ ಲೆಕ್ಕದ ವರ್ಷಕ್ಕೆ ಹೊಂದಿಸುವುದೇ ಹೊರತು ಇಲ್ಲಿನ ಮಳೆ-ಬೆಳೆಯಲ್ಲ.

ಈ ಗಂಟಿನ ಎಳೆ ನೌಕರನ ಮೇಜಿನವರೆಗೂ ಬರುತ್ತದೆ. ಮಾರ್ಚಿಯಲ್ಲಿ ಹಣ ಖರ್ಚಾಗಲೇಬೇಕೆಂಬ ಧಾವಂತ. ರಾತ್ರಿಯವರೆಗೆ ಬಿಲ್ಲು, ಖಜಾನೆಗೆ ಓಟ. ಏಪ್ರಿಲ್‌ನಲ್ಲಿ ಹಳೆಯ ಹಣ ಮುಗಿದಿರುತ್ತದೆ, ಹೊಸದು ಬಂದಿರುವುದಿಲ್ಲ. ಹೊಸ ವರ್ಷದ ಅನುದಾನ ಮೇಲಿನಿಂದ ಇಳಿದು, ಇಲಾಖೆ, ಜಿಲ್ಲೆ ದಾಟಿ ತಾಲ್ಲೂಕು ಕಚೇರಿಯನ್ನು ಮುಟ್ಟುವುದರೊಳಗೆ ಎಷ್ಟೋ ಸಲ ಬೇಸಿಗೆಯೇ ಕಳೆದಿರುತ್ತದೆ. ಕೆಟ್ಟ ಫ್ಯಾನಿನ ರಿಪೇರಿಗೆ ಮಂಜೂರಾತಿ ಬರುವಾಗ ಹೊರಗೆ ಮಳೆ. ಸೋರುವ ಹೆಂಚಿಗೆ ಹಣ ಬರುವುದು ಡಿಸೆಂಬರಿನ ಬಿಸಿಲಿನಲ್ಲಿ. ಇದರಲ್ಲಿ ಯಾವೊಬ್ಬನ ಸೋಮಾರಿತನವೂ ಇರಬೇಕಾಗಿಲ್ಲ. ವರ್ಷ ಶುರುವಾಗುವ ದಿನವೇ ಋತುವಿಗೆ ಅಡ್ಡವಾಗಿ ಬಿದ್ದಿದೆ.

ಇದು ಗುಮಾಸ್ತರಿಗೆ ಮಾತ್ರ ಹೊಳೆದ ವಿಚಾರವಲ್ಲ. ಮಳೆ ಹೇಗಾಗುವುದೆಂದು ತಿಳಿಯುವ ಮೊದಲೇ ಬಜೆಟ್ ಮಾಡುವುದು ಸರಿಯೆ ಎಂಬ ಪ್ರಶ್ನೆ ಬ್ರಿಟಿಷರ ಕಾಲದಲ್ಲಿಯೇ ಎದ್ದಿತ್ತು. ಎಲ್.ಕೆ. ಝಾ ಅವರ ಸಮಿತಿ 1985ರಲ್ಲಿ ಲೆಕ್ಕದ ವರ್ಷವನ್ನು ಜನವರಿಯಿಂದ ಡಿಸೆಂಬರ್‌ಗೆ ಬದಲಿಸಬೇಕೆಂದು ಸಲಹೆ ಮಾಡಿತು. 2016ರಲ್ಲಿ ಶಂಕರ್ ಆಚಾರ್ಯ ಅವರ ಸಮಿತಿ ಇದೇ ವಿಷಯವನ್ನು ಮತ್ತೆ ಪರಿಶೀಲಿಸಿತು. ಆದರೆ ವರ್ಷ ಇನ್ನೂ ಏಪ್ರಿಲ್ 1ಕ್ಕೇ ಹುಟ್ಟುತ್ತಿದೆ.

ಅಪ್ಪನಿಗೊಂದು, ಮಗುವಿಗೊಂದು

ಬೇಸಿಗೆ ಮುಗಿಯುವ ಕಾಲದ ಕಷ್ಟಗಳಲ್ಲಿ ನಿಜವಾಗಿ ಮನೆಯನ್ನು ಅಲ್ಲಾಡಿಸುವುದು ವರ್ಗಾವಣೆ. ಕನ್ನಡದಲ್ಲಿ ಈ ಪದಕ್ಕೆ ಎರಡು ಉಪಯೋಗಗಳಿವೆ. ನೌಕರ ಒಂದು ಊರಿನಿಂದ ಇನ್ನೊಂದು ಊರಿಗೆ ಹೋದರೂ ವರ್ಗಾವಣೆ. ಮಗು ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಸೇರಲು ತರುವ ಚೀಟಿಗೂ ವರ್ಗಾವಣೆ ಪತ್ರವೆಂದೇ ಹೆಸರು. ಅಪ್ಪನಿಗೋ ಅಮ್ಮನಿಗೋ ಬರುವ ಆದೇಶಕ್ಕೂ ಮಗುವಿಗೆ ಬೇಕಾದ ಈ ಚೀಟಿಗೂ ತಾಳ ಕೂಡಿದರೆ ಸಂಸಾರ ಒಟ್ಟಿಗೆ ಹೊರಡುತ್ತದೆ, ತಪ್ಪಿದರೆ ಎರಡಾಗುತ್ತದೆ.

ಸಾರ್ವತ್ರಿಕ ವರ್ಗಾವಣೆಯನ್ನು ಮೇ-ಜೂನ್‌ನಲ್ಲಿ ಮಾಡುವುದರ ಹಿಂದಿನ ನ್ಯಾಯ ಸ್ಪಷ್ಟವಾಗಿದೆ. ಶಾಲೆಗೆ ರಜೆಯಿರುವಾಗ ಊರು ಬದಲಿಸಿದರೆ ಮಕ್ಕಳ ಓದು ಕೆಡದು. ಆದರೆ ಕರ್ನಾಟಕದಲ್ಲಿ 2023ರಿಂದ 2025ರವರೆಗೆ ಮೂರು ವರ್ಷವೂ ಶಾಲೆಗಳು ತೆರೆದದ್ದು ಮೇ 29ಕ್ಕೆ. ವರ್ಗಾವಣೆಯ ಗಡುವು ಜೂನ್‌ವರೆಗೆ ಚಾಚಿಕೊಂಡರೆ, ಅಥವಾ ಗಡುವನ್ನೇ ವಿಸ್ತರಿಸಿದರೆ, ಶುಲ್ಕ ಕಟ್ಟಿ, ಸಮವಸ್ತ್ರ ಹೊಲಿಸಿ, ಪುಸ್ತಕಕ್ಕೆ ಬೈಂಡು ಹಾಕಿ ಆದ ಮೇಲೆ ಆದೇಶ ಕೈಗೆ ಬರುತ್ತದೆ. ಹೊಸ ಊರಿನ ಶಾಲೆಯಲ್ಲಿ ಸೀಟು ತುಂಬಿರುತ್ತದೆ. ಹಳೆಯ ಶಾಲೆಗೆ ಕಟ್ಟಿದ ಹಣ ಹಿಂದಕ್ಕೆ ಬರುವುದು ಅನುಮಾನ.

ಆಗ ಮನೆಯಲ್ಲಿ ನಡೆಯುವ ತೀರ್ಮಾನ ಬಹುಪಾಲು ಒಂದೇ ಬಗೆಯದು. ಮಕ್ಕಳು ತಾಯಿಯೊಂದಿಗೆ ಇದ್ದಲ್ಲಿಯೇ ಇರುವುದು, ನೌಕರ ಹೊಸ ಊರಿನಲ್ಲಿ ಒಂದು ಕೋಣೆ ಹಿಡಿಯುವುದು, ಶನಿವಾರ ರಾತ್ರಿ ಬಸ್ಸು ಹತ್ತುವುದು. 'ಈ ಒಂದು ವರ್ಷ ಕಳೆಯಲಿ' ಎಂದುಕೊಂಡದ್ದು ಮಗ ಹತ್ತನೆಯ ತರಗತಿ, ಪಿಯುಸಿ ಮುಗಿಸುವವರೆಗೆ ಬೆಳೆಯುತ್ತದೆ. ಎರಡು ಬಾಡಿಗೆ, ಎರಡು ಗ್ಯಾಸ್ ಸಿಲಿಂಡರು, ಒಂದೇ ಸಂಬಳ. ಗಂಡ-ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾದರೆ 'ಪತಿ-ಪತ್ನಿ ಪ್ರಕರಣ' ಎಂಬ ಶೀರ್ಷಿಕೆಯಡಿ ಒಂದೇ ಊರಿಗೆ ಕೇಳಿಕೊಳ್ಳುವ ಅವಕಾಶವಿದೆ. ಸಂಸಾರವೂ ಒಂದು ಪ್ರಕರಣವಾಗಿ ಕಡತಕ್ಕೆ ಸೇರುವುದು ಹೀಗೆ. ಅನ್ಯಾಯವಾಯಿತೆನ್ನುವವರಿಗೆ 1986ರಲ್ಲಿ ಸ್ಥಾಪನೆಯಾದ ಕರ್ನಾಟಕ ಆಡಳಿತ ನ್ಯಾಯಮಂಡಳಿಯಿದೆ. ಅಲ್ಲಿ ವರ್ಗಾವಣೆಯ ತಕರಾರುಗಳು ಹೊಸವಲ್ಲ. ಆದರೆ ಅಲ್ಲಿಗೆ ಹೋಗುವುದಕ್ಕೂ ವಕೀಲರು ಬೇಕು, ರಜೆ ಬೇಕು.

ರಜೆ, ಸಂಬಳ, ಮುಯ್ಯಿ

ಕಚೇರಿಯ ಮಾತುಗಳಲ್ಲಿ ಬಹುಪಾಲು ಪರ್ಷಿಯನ್ ಮೂಲದವು. ಗುಮಾಸ್ತ ಎಂದರೆ ನೇಮಿಸಲ್ಪಟ್ಟವನು. ಕಾರಕೂನ ಎಂದರೆ ಕೆಲಸ ಮಾಡುವವನು. ಶಿರಸ್ತೇದಾರನ 'ಸರ್ ರಿಶ್ತಾ' ಎಂದರೆ ದಾರದ ತುದಿ. ಕಡತ ಕಟ್ಟುವ ದಾರವನ್ನು ನೆನೆದರೆ ಅದು ಬಹಳ ಸರಿಯಾದ ಹೆಸರು. ಅರಬ್ಬಿಯಿಂದ ಪರ್ಷಿಯನ್ ಮೂಲಕ ಬಂದ ರಜಾ ಎಂಬುದರ ಮೂಲ ಅರ್ಥ ಬಿಡುವು ಎಂದಲ್ಲ, ಒಪ್ಪಿಗೆ ಎಂದು. ರಜೆ ನೌಕರನ ಕೈಯಲ್ಲಿರುವ ವಸ್ತುವಲ್ಲ, ಮೇಲಿನವರು ಒಪ್ಪಿ ಕೊಡುವಂಥದು ಎಂಬುದು ಪದದಲ್ಲಿಯೇ ಅಡಗಿದೆ.

ಈ ಒಪ್ಪಿಗೆಯ ಪ್ರಮಾಣವೂ ಕಡಿಮೆಯಾಗಿದೆ. ಕರ್ನಾಟಕ ಸರ್ಕಾರ 2019ರಲ್ಲಿ ನಾಲ್ಕನೆಯ ಶನಿವಾರವನ್ನೂ ರಜೆಯಾಗಿ ಘೋಷಿಸಿ, ಅದಕ್ಕೆ ಬದಲಾಗಿ ವರ್ಷದ 15 ಸಾಂದರ್ಭಿಕ ರಜೆಗಳನ್ನು 10ಕ್ಕೆ ಇಳಿಸಿತು. ಲೆಕ್ಕದಲ್ಲಿ ನೌಕರನಿಗೆ ಲಾಭವೇ. ಆದರೆ ಶಾಲೆಯ ಪ್ರವೇಶ ನಾಲ್ಕನೆಯ ಶನಿವಾರವೇ ನಡೆಯಬೇಕೆಂದಿಲ್ಲ. ಸೋದರತ್ತೆಯ ಮೊಮ್ಮಗಳ ಮದುವೆಯಂತೂ ಶನಿವಾರ ನೋಡಿ ಬರುವುದಿಲ್ಲ. ಆಷಾಢ ಕಾಲಿಟ್ಟರೆ ಮದುವೆಗಳು ನಿಲ್ಲುತ್ತವೆಂದು ಲಗ್ನಗಳೆಲ್ಲ ಮೇ-ಜೂನ್‌ನಲ್ಲಿ ಒತ್ತಿಕೊಂಡಿರುತ್ತವೆ. ಹೋಗದಿದ್ದರೆ ಆಡಿಕೊಳ್ಳುತ್ತಾರೆ, ಹೋದರೆ ಅರ್ಧ ದಿನದ ರಜೆ ಮತ್ತು ಮುಯ್ಯಿಯ ಲಕೋಟೆ. ತಮ್ಮ ಮನೆಯ ಮದುವೆಯಲ್ಲಿ ಯಾರು ಎಷ್ಟು ಓದಿಸಿದ್ದರು ಎಂಬ ಹಳೆಯ ಪುಸ್ತಕ ತೆಗೆದು ಸರಿಗಟ್ಟುವ ಲೆಕ್ಕವನ್ನು ಯಾವ ಖಜಾನೆಯೂ ಪರಿಶೀಲಿಸುವುದಿಲ್ಲ, ಆದರೆ ಅದರಲ್ಲಿ ತಪ್ಪುವಂತಿಲ್ಲ.

ಇವೆಲ್ಲ ಬಂದು ನಿಲ್ಲುವುದು ಒಂದೇ ಸಂಬಳದ ಮುಂದೆ. ಮೇ ತಿಂಗಳಿಗೆ 31 ದಿನ. ಸಂಬಳ 28 ದಿನದ ಫೆಬ್ರವರಿಗೆ ಬಂದಷ್ಟೇ. ಬಾಡಿಗೆ, ಹಾಲು, ದಿನಸಿ ಎಂದಿನಂತೆ. ಅದರ ಮೇಲೆ ಶಾಲೆಯ ಶುಲ್ಕ, ನೋಟ್‌ಬುಕ್ಕು, ಬೂಟು, ಮಕ್ಕಳ ರೇನ್‌ಕೋಟು, ಸೋರುವ ಚಾವಣಿಗೆ ಸಿಮೆಂಟು. ಇದರ ನಡುವೆ ಒಂದು ಸಿಹಿಯೂ ಉಂಟು. ಮಳೆ ಬಿದ್ದ ಮೇಲೆ ಹುಳು ಬೀಳುತ್ತದೆಂದು ಗಾಡಿಯವರು ಮಾವಿನ ಬೆಲೆ ಇಳಿಸುತ್ತಾರೆ. ಏಪ್ರಿಲ್‌ನಲ್ಲಿ ನೋಡಿ ಮುಂದೆ ಹೋದ ಬಾದಾಮಿ, ರಸಪುರಿ ಹಣ್ಣುಗಳು ಜೂನ್ ಮೊದಲ ವಾರ ಸಂಬಳವಾದ ದಿನ ಚೀಲ ಸೇರುತ್ತವೆ. ಹಣ್ಣು ಕೊಯ್ದಾಗ ಎರಡರಲ್ಲಿ ಒಂದು ಕೊಳೆತಿದ್ದರೆ, ಅದೂ ಲೆಕ್ಕದಲ್ಲಿ ಸೇರಿದ್ದೇ.

ಬೆಲೆಯೇರಿಕೆಗೆ ಪರಿಹಾರವೆಂದು ಕೊಡುವ ಹಣಕ್ಕೆ ಕನ್ನಡದಲ್ಲಿ ತುಟ್ಟಿಭತ್ಯೆ ಎಂಬ ಸೊಗಸಾದ ಹೆಸರಿದೆ. ತುಟ್ಟಿ ಎಂದರೆ ದುಬಾರಿ. ಜನವರಿ ಮತ್ತು ಜುಲೈನಿಂದ ಲೆಕ್ಕ ಹಿಡಿಯುವ ಈ ಭತ್ಯೆಯ ಆದೇಶ ಬರುವುದು ತಿಂಗಳುಗಳಾದ ಮೇಲೆ. ಜೂನ್‌ನಲ್ಲಿ ತುಟ್ಟಿಯಾದದ್ದನ್ನು ಜೂನ್‌ನಲ್ಲಿಯೇ ಕೊಳ್ಳಬೇಕು.

ಬದಲಾದದ್ದು, ಉಳಿದದ್ದು

ಈ ಬದುಕನ್ನು ಬರಿಯ ಗೋಳೆಂದು ತಿಳಿಯಬೇಕಾಗಿಲ್ಲ. ಕನ್ನಡ ಸಾಹಿತ್ಯದ ದೊಡ್ಡ ಪಾಲು ಸಂಬಳದ ಮನೆಗಳಲ್ಲಿ ಹುಟ್ಟಿದ್ದು. 1942ರಲ್ಲಿ 'ಮೈಸೂರ ಮಲ್ಲಿಗೆ'ಯನ್ನು ಕೊಟ್ಟ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರಾಗಿ ದುಡಿದವರು. ಮೇಲಿನ ಹುದ್ದೆಗೇರಿದ ಮಾಸ್ತಿಯವರೂ ಕಚೇರಿಯ ಅಸಮಾಧಾನದಿಂದ ತಪ್ಪಿಸಿಕೊಳ್ಳಲಿಲ್ಲ. ತಮಗಿಂತ ಕಿರಿಯರಿಗೆ ಬಡ್ತಿ ಸಿಕ್ಕಾಗ 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು.

ಕಚೇರಿಯ ಹೊರರೂಪ ಈಗ ಬಹಳ ಬದಲಾಗಿದೆ. ಸಾಲಿನಲ್ಲಿ ನಿಂತು ರೆವಿನ್ಯೂ ಸ್ಟಾಂಪಿನ ಮೇಲೆ ರುಜು ಹಾಕಿ ನೋಟು ಎಣಿಸಿಕೊಳ್ಳುತ್ತಿದ್ದ ಬಟವಾಡೆಯ ದಿನ ಹೋಗಿ, ಸಂಬಳ ಸದ್ದಿಲ್ಲದೆ ಬ್ಯಾಂಕಿಗೆ ಸೇರುತ್ತದೆ. ಕಡತಗಳು ಕಂಪ್ಯೂಟರಿಗೆ ಏರುತ್ತಿವೆ. 2012ರಲ್ಲಿ ಜಾರಿಗೆ ಬಂದ ಸಕಾಲ ಯೋಜನೆ, ಅರ್ಜಿಯನ್ನು ಇಷ್ಟು ದಿನದೊಳಗೆ ವಿಲೇವಾರಿ ಮಾಡಬೇಕೆಂದು ಗುಮಾಸ್ತನ ಮೇಜಿಗೂ ಗಡುವು ತಂದಿದೆ. ಅದು ನ್ಯಾಯವೇ, ಅರ್ಜಿ ಹಿಡಿದು ಬಂದವನೂ ಅರ್ಧ ದಿನದ ಕೂಲಿ ಬಿಟ್ಟು ಬಂದಿರುತ್ತಾನೆ, ಅವನ ಮಗುವಿನ ಶಾಲೆಗೂ ಜಾತಿ-ಆದಾಯದ ಪ್ರಮಾಣಪತ್ರ ಇದೇ ಜೂನ್‌ನಲ್ಲಿಯೇ ಬೇಕು. ಮೇಜಿನ ಆಚೆ ನಿಂತವನ ಅವಸರವೂ ಈಚೆ ಕುಳಿತವನ ಅವಸರವೂ ಒಂದೇ ಪಂಚಾಂಗದಿಂದ ಹುಟ್ಟಿದವು. ಇಬ್ಬರೂ ಒಬ್ಬರ ಮೇಲೊಬ್ಬರು ಸಿಡಿಮಿಡಿಗೊಳ್ಳುವುದು ಅದು ತಿಳಿಯದೆ.

ಮಳೆಯ ಪಂಚಾಂಗವನ್ನು ಯಾರೂ ತಿದ್ದಲಾರರು. ಉಳಿದವು ಮನುಷ್ಯರು ಬರೆದವು. ಶಾಲೆಯ ಬಾಗಿಲು ತೆರೆಯುವ ಮೊದಲೇ ವರ್ಗಾವಣೆಯ ಪಟ್ಟಿ ಮುಗಿಯಬಹುದು. ಬೇಸಿಗೆಯ ವೇಳೆಯ ಆದೇಶವನ್ನು ತಾರೀಖಿಗೆ ಕಟ್ಟದೆ ಮಳೆಯ ಮುನ್ಸೂಚನೆಗೆ ಕಟ್ಟಬಹುದು. ಫ್ಯಾನಿನ ರಿಪೇರಿಯ ಹಣವನ್ನು ಮಾರ್ಚ್ ಮುಗಿಯುವುದರೊಳಗೆ ತಾಲ್ಲೂಕಿಗೆ ಮುಟ್ಟಿಸಬಹುದು. ಇವಕ್ಕೆ ದೊಡ್ಡ ಸಮಿತಿಗಳೂ ಬೇಡ. ಸಂಸ್ಕೃತದಲ್ಲಿ ಶಂಬಲ ಎಂಬ ಪದಕ್ಕೆ ದಾರಿಬುತ್ತಿ ಎಂಬ ಅರ್ಥವಿದೆ. ನಮ್ಮ ಸಂಬಳವನ್ನು ಅದರೊಡನೆ ಹೊಂದಿಸಿ ಹೇಳುವುದುಂಟು. ವರ್ಷದ ದಾರಿಯಲ್ಲಿ ಆ ಬುತ್ತಿ ಬೇಗ ಬರಿದಾಗುವುದು ಮೇ-ಜೂನ್‌ನ ಈ ತಿರುವಿನಲ್ಲಿ. ಇಲ್ಲಿ ಒಂದು ವಾರ ಮುಂಚೆ ಬಂದ ಆದೇಶಕ್ಕೆ, ಆಮೇಲೆ ಬರುವ ಯಾವ ಭತ್ಯೆಗಿಂತಲೂ ಹೆಚ್ಚು ಬೆಲೆಯಿದೆ.